ಕಬ್ಬಿಣದ ಪಕ್ಕ ಯಾರಿದ್ದಾರೆ?

"ಇನ್ನೂ ಕೆಂಪು ಹಿಡೀತಾ ಉಂಟು, ಸುಣ್ಣ ಸಾಲದು" ಎಂದು ಗೌಡ್ರು ಬೇಲಿಯಾಚೆಯಿಂದ ಕತ್ತಿ ಎತ್ತಿ ತೋರಿಸಿದರು. ಮಳೆ ಹೊಳವಾಗಿತ್ತು. ಅಡಿಕೆಗೆ ಕೊಳೆ ಔಷಧಿ ಹೊಡೆಯಲು ಅವರ ಮನೆಯಲ್ಲಿ ತಯಾರಿ ನಡೆದಿತ್ತು. ಒಂದು ಡ್ರಮ್ಮಿನಲ್ಲಿ ಮೈಲುತುತ್ತು ಕರಗಿದ ನೀಲಿ ನೀರು, ಇನ್ನೊಂದರಲ್ಲಿ ಸುಣ್ಣದ ನೀರು. ಎರಡನ್ನೂ ಕೂಡಿಸಿದ ಮೇಲೆ, ತಿಕ್ಕಿ ತೊಳೆದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡಬೇಕು. ಅಲಗಿಗೆ ಕೆಂಪು ಕೂತರೆ ಔಷಧಿ ಹದಕ್ಕೆ ಬಂದಿಲ್ಲ. ಹಾಗೇ ಹೊಡೆದರೆ ಹಿಂಗಾರ, ಎಳೆಗಾಯಿ ಎಲ್ಲ ಸುಟ್ಟುಹೋಗುತ್ತದೆ. ಮಲೆನಾಡಿನ ತೋಟಿಗರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

"ಮೇಷ್ಟ್ರೇ, ಇಷ್ಟು ವರ್ಷ ನೋಡ್ತಾ ಬಂದೆ, ಕೇಳಲೇ ಇಲ್ಲ. ಈ ಕೆಂಪು ಎಂತದು? ತುಕ್ಕಾ?"

ತುಕ್ಕಲ್ಲ ಗೌಡ್ರೇ, ತಾಮ್ರ. ಅಪ್ಪಟ ತಾಮ್ರ. ಮೈಲುತುತ್ತಿನ ತೂಕದಲ್ಲಿ ಕಾಲು ಭಾಗ ತಾಮ್ರವೇ ಇದೆ. ಆದರೆ ಅದು ಕೊಡಪಾನದ ತಾಮ್ರದ ಹಾಗೆ ಕೆಂಪಗಿಲ್ಲ. ಪ್ರತಿ ಪರಮಾಣುವೂ ತನ್ನ ಎರಡು ಎಲೆಕ್ಟ್ರಾನ್ ಕಳೆದುಕೊಂಡು ಅಯಾನು ಆಗಿ ನೀರಿನಲ್ಲಿ ಕರಗಿದೆ. ಅದಕ್ಕೇ ನೀರು ನೀಲಿ. ಅಂಥ ನೀರಿಗೆ ಕತ್ತಿ ಇಳಿಸಿದಾಗ ಕಬ್ಬಿಣದ ಒಂದು ಪರಮಾಣು ತನ್ನ ಎರಡು ಎಲೆಕ್ಟ್ರಾನುಗಳನ್ನು ತಾಮ್ರಕ್ಕೆ ಕೊಟ್ಟು ತಾನು ನೀರಿಗೆ ಇಳಿಯುತ್ತದೆ. ತಾಮ್ರ ಆ ಎರಡನ್ನು ಪಡೆದು ಲೋಹವಾಗಿ ಅಲಗಿನ ಮೇಲೆ ಕೂರುತ್ತದೆ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಮೊಳೆ ಮತ್ತು ತಾಮ್ರದ ಸಲ್ಫೇಟ್ ಎಂದು ಇರುವ ಪ್ರಯೋಗ ಇದೇ. ಎಲೆಕ್ಟ್ರಾನ್ ಕಳೆದುಕೊಳ್ಳುವುದಕ್ಕೆ ಅಲ್ಲಿ ಉತ್ಕರ್ಷಣ ಎನ್ನುತ್ತಾರೆ, ಪಡೆಯುವುದಕ್ಕೆ ಅಪಕರ್ಷಣ. ಒಬ್ಬರು ಕಳೆದುಕೊಳ್ಳದೆ ಇನ್ನೊಬ್ಬರು ಪಡೆಯುವಂತಿಲ್ಲ, ಆದ್ದರಿಂದ ಎರಡೂ ಯಾವಾಗಲೂ ಜೊತೆಗೇ ನಡೆಯುತ್ತವೆ.

ಸುಣ್ಣ ಸಾಕಷ್ಟು ಬಿದ್ದಾಗ ತಾಮ್ರವೆಲ್ಲ ಹೈಡ್ರಾಕ್ಸೈಡಿನಂಥ ಕರಗದ ನೀಲಿ ಗಸಿಯಾಗಿ ಕಟ್ಟಿಬೀಳುತ್ತದೆ. ಕತ್ತಿಗೆ ಸಿಗಲು ಬಿಡಿ ತಾಮ್ರ ಉಳಿಯುವುದಿಲ್ಲ, ಅಲಗು ಬೆಳ್ಳಗೇ ಇರುತ್ತದೆ. ಅಂದರೆ ಒಂದು ತುಂಡು ಕಬ್ಬಿಣದಲ್ಲಿ ನೀವು ಪ್ರಯೋಗಶಾಲೆಯ ಪರೀಕ್ಷೆಯನ್ನೇ ಮಾಡುತ್ತಿದ್ದೀರಿ. ಲಿಟ್ಮಸ್ ಕಾಗದವೂ ಹದ ಹೇಳುತ್ತದೆ. ಆದರೆ ಅದು ಹೇಳುವುದು ಹುಳಿಯೋ ಕ್ಷಾರವೋ ಎಂದು. ಬಿಡಿ ತಾಮ್ರ ಇದೆಯೇ ಎಂದು ನೇರವಾಗಿ ಹೇಳುವುದು ಕತ್ತಿ.

"ಹಾಗಾದ್ರೆ ನಮ್ಮಪ್ಪ ಕಬ್ಬಿಣದ ಬಕೀಟಲ್ಲಿ ತುತ್ತು ಕರಗಿಸಬೇಡಿ ಅಂತ ಬೈತಿದ್ದದ್ದು ಇದಕ್ಕೇಯಾ?"

ಇದಕ್ಕೇ. ಒಂದು ಕಿಲೋ ಮೈಲುತುತ್ತಿನಲ್ಲಿರುವ ಕಾಲು ಕಿಲೋ ತಾಮ್ರವನ್ನೆಲ್ಲ ಹೊರತೆಗೆಯಲು ಸುಮಾರು 220 ಗ್ರಾಂ ಕಬ್ಬಿಣ ಖರ್ಚಾಗುತ್ತದೆ. ಬಕೀಟು ತೂತು, ಔಷಧಿ ಸಪ್ಪೆ, ಎರಡೂ ನಷ್ಟ. ಆದರೆ ಇದೇ ಗುಣವನ್ನು ಲಾಭಕ್ಕೆ ತಿರುಗಿಸಿದವರೂ ಇದ್ದಾರೆ. ಚೀನಾದಲ್ಲಿ ಸಾಂಗ್ ವಂಶದ ಕಾಲದಲ್ಲಿ, ಅಂದರೆ 11ನೇ ಶತಮಾನದಲ್ಲೇ, ಗಣಿಯ ನೀಲಿ ನೀರಿಗೆ ಕಬ್ಬಿಣದ ತುಂಡು ಹಾಕಿ ತಾಮ್ರ ತೆಗೆಯುತ್ತಿದ್ದರು. ನಮ್ಮ ಅಕ್ಕಸಾಲಿಗರು ಇನ್ನೊಂದು ಮೆಟ್ಟಿಲು ಮೇಲೆ ಹೋಗುತ್ತಾರೆ. ಹಳೆಯ ಆಭರಣದಿಂದ ಬೆಳ್ಳಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಆ ದ್ರಾವಣಕ್ಕೆ ತಾಮ್ರದ ಪಟ್ಟಿ ಇಳಿಬಿಡುತ್ತಾರೆ. ಇಲ್ಲಿ ಪಡೆಯುತ್ತಿದ್ದ ತಾಮ್ರ ಅಲ್ಲಿ ಕೊಡುತ್ತದೆ, ಬೆಳ್ಳಿ ಪುಡಿಪುಡಿಯಾಗಿ ಪಟ್ಟಿಯ ಮೇಲೆ ಬಂದು ನಿಲ್ಲುತ್ತದೆ. ಅದೇ ಆಮ್ಲದಲ್ಲಿ ಚಿನ್ನ ಮಾತ್ರ ಕದಲದೆ ತಳದಲ್ಲಿ ಉಳಿದಿರುತ್ತದೆ.

ನಾನು ಹೇಳಬೇಕೆಂದಿರುವುದು ಇಲ್ಲಿಂದಲೇ ಶುರು. ಕಬ್ಬಿಣ ತುಕ್ಕು ಹಿಡಿಯುವ ಲೋಹ, ತಾಮ್ರ ಬಾಳುವ ಲೋಹ ಎಂದು ನಾವು ಒಂದೊಂದಕ್ಕೂ ಗುಣ ಅಂಟಿಸಿಬಿಡುತ್ತೇವೆ. ಒಂಟಿಯಾಗಿ ನೋಡಿದರೆ ಅರ್ಧ ಮಾತ್ರ ಕಾಣುವುದು. ಪಕ್ಕದಲ್ಲಿ ಯಾರಿದ್ದಾರೆ ಎನ್ನುವುದರ ಮೇಲೆ ಯಾರು ಕೊಡುತ್ತಾರೆ, ಯಾರು ಉಳಿಯುತ್ತಾರೆ ಎಂಬುದು ತೀರ್ಮಾನವಾಗುತ್ತದೆ. ಮನೆ ಕಟ್ಟುವವರು, ಪೈಪು ಜೋಡಿಸುವವರು, ಪಾತ್ರೆ ಕೊಳ್ಳುವವರು ಎಲ್ಲರೂ ಇದನ್ನು ತಿಳಿದಿರಬೇಕು ಎಂದು ನನಗೆ ನಿಜವಾಗಿ ಅನ್ನಿಸುತ್ತದೆ.

ರಸಾಯನ ವಿಜ್ಞಾನಿಗಳು ಲೋಹಗಳನ್ನು ಈ ಕೊಡುವ ಮನಸ್ಸಿನ ಪ್ರಕಾರ ಸಾಲಾಗಿ ನಿಲ್ಲಿಸಿದ್ದಾರೆ. ಹೈಡ್ರೋಜನ್ನನ್ನು ಸೊನ್ನೆ ಎಂದು ಇಟ್ಟುಕೊಂಡು ಉಳಿದವನ್ನು ವೋಲ್ಟಿನಲ್ಲಿ ಅಳೆಯುತ್ತಾರೆ. ಕೊಡುವ ಕಡೆಯ ತುದಿಯಲ್ಲಿ ಲಿಥಿಯಂ, ಮೈನಸ್ 3.04. ಸೋಡಿಯಂ ಮೈನಸ್ 2.71, ಮೆಗ್ನೀಸಿಯಂ ಮೈನಸ್ 2.37, ಅಲ್ಯೂಮಿನಿಯಂ ಮೈನಸ್ 1.66, ಸತು ಮೈನಸ್ 0.76, ಕಬ್ಬಿಣ ಮೈನಸ್ 0.44, ತವರ ಮೈನಸ್ 0.14. ಸೊನ್ನೆ ದಾಟಿದ ಮೇಲೆ ತಾಮ್ರ 0.34, ಬೆಳ್ಳಿ 0.80, ಕೊನೆಯಲ್ಲಿ ಚಿನ್ನ 1.50. ಇಬ್ಬರ ನಡುವಿನ ಅಂತರ ಹೆಚ್ಚಿದಷ್ಟೂ ಸೆಳೆತ ಹೆಚ್ಚು. ಸತುವಿಗೂ ತಾಮ್ರಕ್ಕೂ ಇರುವ ಅಂತರ 1.10 ವೋಲ್ಟ್, 1836ರಲ್ಲಿ ಡೇನಿಯಲ್ ಎಂಬಾತ ಆ ಎರಡನ್ನೇ ಜೋಡಿಸಿ ನಂಬಿಕೆಯ ಬ್ಯಾಟರಿ ಮಾಡಿದ. ನಿಮ್ಮ ಕೈಬ್ಯಾಟರಿಗೆ ಹಾಕುವ ಸಾದಾ ಶೆಲ್ಲಿನ ಒಳಕವಚವೂ ಸತುವೇ. ಬೆಳಕು ಬರುತ್ತಿರುವಷ್ಟು ಹೊತ್ತೂ ಆ ಸತು ಎಲೆಕ್ಟ್ರಾನ್ ಕೊಟ್ಟು ಕೊಟ್ಟು ತೆಳುವಾಗುತ್ತದೆ. ಹಳೆಯ ಶೆಲ್ಲು ಒಳಗೇ ಸೋರಿ ಬ್ಯಾಟರಿ ಹಾಳಾಗುವುದು ಅದಕ್ಕೇ. ಮೊಬೈಲಿನಲ್ಲಿ ಲಿಥಿಯಂ ಕೂತಿರುವುದಕ್ಕೂ ಕಾರಣ ಈ ಸಾಲಿನಲ್ಲೇ ಇದೆ: ಅಷ್ಟು ಹಗುರ, ಅಷ್ಟು ಸುಲಭವಾಗಿ ಕೊಡುವ ಲೋಹ ಬೇರೆ ಇಲ್ಲ.

ಸುಲಭವಾಗಿ ಕೊಡುವ ಲೋಹವನ್ನು ವಾಪಸು ಲೋಹವಾಗಿಸುವುದು ಅಷ್ಟೇ ಕಷ್ಟ. ಚಿನ್ನ ಹಟ್ಟಿಯ ಬಂಡೆಯಲ್ಲಿ ಚಿನ್ನವಾಗಿಯೇ ಸಿಗುತ್ತದೆ. ಕಬ್ಬಿಣ ಹಾಗೆ ಸಿಗುವುದಿಲ್ಲ. ಸಂಡೂರಿನ ಗುಡ್ಡಗಳ ಕೆಂಪು ಇದೆಯಲ್ಲ, ಅದು ಎಂದೋ ತನ್ನ ಎಲೆಕ್ಟ್ರಾನುಗಳನ್ನು ಆಮ್ಲಜನಕಕ್ಕೆ ಕೊಟ್ಟು ಕೂತ ಕಬ್ಬಿಣ. ಅದನ್ನು ಲೋಹ ಮಾಡುವುದೆಂದರೆ ಕೊಟ್ಟದ್ದನ್ನು ಮರಳಿ ಕೊಡಿಸುವುದು. ಭದ್ರಾವತಿಯ ಕಾರ್ಖಾನೆ 1923ರಲ್ಲಿ ಶುರುವಾದಾಗ ಆ ಕೆಲಸ ಮಾಡಿದ್ದು ಮಲೆನಾಡಿನ ಮರದ ಇದ್ದಿಲು. ಅಲ್ಯೂಮಿನಿಯಂ ವಿಷಯದಲ್ಲಿ ಇದ್ದಿಲಿನ ಆಟ ನಡೆಯುವುದಿಲ್ಲ. ಕರಗಿಸಿದ ಅದಿರಿಗೆ ನೇರವಾಗಿ ಕರೆಂಟು ಹರಿಸಬೇಕು; ಒಂದು ಕಿಲೋ ಲೋಹಕ್ಕೆ ಸುಮಾರು 14 ಯೂನಿಟ್. ಅಮೆರಿಕದಲ್ಲಿ ಹಾಲ್, ಫ್ರಾನ್ಸಿನಲ್ಲಿ ಎರೂ, ಇಬ್ಬರೂ 1886ರಲ್ಲಿ ಬೇರೆ ಬೇರೆಯಾಗಿ ಈ ದಾರಿ ಕಂಡುಹಿಡಿದರು. ಅದಕ್ಕೂ ಮೊದಲು ಅಲ್ಯೂಮಿನಿಯಂ ಎಷ್ಟು ಅಪರೂಪವಾಗಿತ್ತೆಂದರೆ 1884ರಲ್ಲಿ ವಾಷಿಂಗ್ಟನ್ ಸ್ಮಾರಕದ ತುದಿಗೆ ಗೌರವದ ಲೋಹವೆಂದು ಅದನ್ನು ಕೂರಿಸಿದ್ದರು. ಆದ್ದರಿಂದ ಗೌಡ್ರೇ, ಸೊಟ್ಟಗಾದ ಹಳೆ ಅಲ್ಯೂಮಿನಿಯಂ ಪಾತ್ರೆಯನ್ನು ತಿಪ್ಪೆಗೆ ಎಸೆಯಬೇಡಿ, ಗುಜರಿಗೆ ಕೊಡಿ. ಅದರಲ್ಲಿ ಒಂದು ಸಲ ಖರ್ಚಾದ ಕರೆಂಟು ಹಾಗೇ ಉಳಿದಿದೆ.

ಗೌಡ್ರು ಸುಮ್ಮನೆ ಒಪ್ಪುವವರಲ್ಲ. "ಇದೆಲ್ಲ ಸರಿ. ಆದ್ರೆ ನೀವು ಹೇಳೋ ಲೆಕ್ಕದಲ್ಲಿ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಮುಂದೆ. ನಮ್ಮ ಕೊಟ್ಟಿಗೆ ಹತ್ರ ಅಲ್ಯೂಮಿನಿಯಂ ಪಾತ್ರೆ ಹತ್ತು ಮಳೆ ನೆಂದ್ರೂ ಹಾಗೇ ಉಂಟು. ಹಾರೆ ಒಂದು ವಾರಕ್ಕೆ ಕೆಂಪಾಗ್ತದೆ. ಇದು ಹೆಂಗೆ ಮಾರಾಯ್ರೇ?"

ಈ ಪ್ರಶ್ನೆ ಕೇಳದವರು ಆ ಸಾಲನ್ನು ಬಾಯಿಪಾಠ ಮಾಡಿದ್ದಾರೆ ಅಷ್ಟೇ. ಸಾಲು ಹೇಳುವುದು ಯಾರು ಕೊಡುತ್ತಾರೆ ಎಂದು; ಎಷ್ಟು ಬೇಗ ಎಂದು ಅಲ್ಲ. ಅಲ್ಯೂಮಿನಿಯಂ ಗಾಳಿ ತಾಗಿದ ಕೂಡಲೇ ಕೊಟ್ಟುಬಿಡುತ್ತದೆ. ಆದರೆ ಹಾಗೆ ಹುಟ್ಟಿದ ಆಕ್ಸೈಡು ಕಣ್ಣಿಗೆ ಕಾಣದ, ಕೆಲವೇ ನ್ಯಾನೋಮೀಟರ್ ದಪ್ಪದ ಪೊರೆಯಾಗಿ ಲೋಹಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆಮೇಲೆ ಗಾಳಿ ನೀರಿಗೆ ದಾರಿಯಿಲ್ಲ. ಗೀರಿದರೆ ಆ ಜಾಗದಲ್ಲಿ ತಕ್ಷಣ ಹೊಸ ಪೊರೆ. ಕಬ್ಬಿಣದ ತುಕ್ಕು ಹಾಗಲ್ಲ, ಹುಡಿಹುಡಿ, ಸಡಿಲ. ನೀರು ಹೀರಿಕೊಂಡು ಚಕ್ಕೆಯೆದ್ದು ಉದುರುತ್ತದೆ, ಕೆಳಗೆ ಹೊಸ ಕಬ್ಬಿಣ ತೆರೆದುಕೊಳ್ಳುತ್ತದೆ, ಅದೂ ಹೋಗುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಸೋಡಾ ನೀರು ಕುದಿಸಿ ನೋಡಿ, ಪೊರೆ ಕರಗಿ ಪಾತ್ರೆ ಕಪ್ಪಾಗುತ್ತದೆ, ಆಗ ಅದರ ಆತುರ ಗೊತ್ತಾಗುತ್ತದೆ.

ಊಟದ ಸ್ಟೀಲ್ ತಟ್ಟೆಯ ಗುಟ್ಟೂ ಇದೇ. ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಕಬ್ಬಿಣಕ್ಕೆ ಕ್ರೋಮಿಯಂ ಬೆರೆಸಿದ ಉಕ್ಕು ಕೆಡುವುದಿಲ್ಲವೆಂದು ಗಮನಿಸಿದ. ನೂರರಲ್ಲಿ ಹತ್ತೂವರೆ ಭಾಗಕ್ಕಿಂತ ಹೆಚ್ಚು ಕ್ರೋಮಿಯಂ ಇದ್ದರೆ ಸಾಕು. ಸ್ವಾರಸ್ಯ ಏನೆಂದರೆ ಕ್ರೋಮಿಯಂ ಕಬ್ಬಿಣಕ್ಕಿಂತ ಹೆಚ್ಚು ಕೊಡುವ ಲೋಹ, ಮೈನಸ್ 0.74. ಕೊಡದ ಲೋಹವನ್ನು ಬೆರೆಸಿ ತಟ್ಟೆಯನ್ನು ಕಾಪಾಡಿದ್ದಲ್ಲ; ಇನ್ನೂ ಹೆಚ್ಚು ಕೊಡುವುದನ್ನು ಬೆರೆಸಿ, ಅದರ ಪೊರೆಯಿಂದ ಕಾಪಾಡಿದ್ದು. ಈ ಪೊರೆಗಳಿಗೆಲ್ಲ ದೊಡ್ಡ ವೈರಿ ಉಪ್ಪು. ಉಪ್ಪಿನ ಕ್ಲೋರೈಡು ಪೊರೆಯಲ್ಲಿ ಸೂಜಿಮೊನೆಯಷ್ಟು ತೂತು ಕೊರೆದು ಒಳಗಿಳಿಯುತ್ತದೆ. ಉಪ್ಪಿನಕಾಯಿಗೆ ಭರಣಿಯೇ ಬೇಕು ಎಂದು ಹಳಬರು ಹಟ ಹಿಡಿಯುತ್ತಿದ್ದದ್ದು ಸರಿಯಾದದ್ದೇ.

ದೆಹಲಿಯ ಕುತುಬ್ ಮಿನಾರಿನ ಬಳಿ ಇರುವ ಕಬ್ಬಿಣದ ಕಂಬ ಸುಮಾರು 1600 ವರ್ಷದಿಂದ ನಿಂತಿದೆ, ಏಳು ಮೀಟರು ಎತ್ತರ, ಆರು ಟನ್ನಿನಷ್ಟು ತೂಕ. ಅದರಲ್ಲಿ ಕ್ರೋಮಿಯಂ ಇಲ್ಲ. ಇದ್ದಿಲಿನಲ್ಲಿ ಕಾಸಿದ ಆ ಕಬ್ಬಿಣದಲ್ಲಿ ಇಂದಿನ ಉಕ್ಕಿಗಿಂತ ರಂಜಕ ಜಾಸ್ತಿ. ಆ ರಂಜಕ ಕಬ್ಬಿಣದ ಜೊತೆ ಸೇರಿ ಬಿಗಿಯಾದ ಫಾಸ್ಫೇಟ್ ಪೊರೆ ಕಟ್ಟಿದೆ ಎಂದು ಕಾನ್ಪುರದ ಐಐಟಿಯ ಆರ್. ಬಾಲಸುಬ್ರಮಣ್ಯಂ ತೋರಿಸಿಕೊಟ್ಟರು. ದೆಹಲಿಯ ಒಣ ಹವೆಯ ಸಹಾಯವೂ ಇದೆ. ಆದರೆ ನಮ್ಮ ಕೊಡಚಾದ್ರಿಯಲ್ಲಿ, ಮೂಲ ಮೂಕಾಂಬಿಕೆಯ ಗುಡಿಯ ಹತ್ತಿರ, ಒಂದು ಕಬ್ಬಿಣದ ಕಂಬ ಆ ಸುರಿಯುವ ಮಳೆಯಲ್ಲೇ ನಿಂತಿದೆಯಲ್ಲ! ಗೌಡ್ರು ಅದನ್ನು ಮುಟ್ಟಿ ನೋಡಿ ಬಂದವರು. ದೇಶದ ತುಂಬ ಹೆಸರಾದ ದೆಹಲಿಯ ಕಂಬಕ್ಕೆ ಸಿಕ್ಕ ಗಮನ ಇದಕ್ಕೂ ಸಿಗಬೇಕು ಎಂಬುದು ನನ್ನ ಆಸೆ.

ಜೋಡಿಯ ವಿಷಯಕ್ಕೆ ಬರುತ್ತೇನೆ. ಬ್ರಿಟಿಷ್ ನೌಕಾಪಡೆಯವರು 1761ರಲ್ಲಿ ಅಲಾರ್ಮ್ ಎಂಬ ಹಡಗಿನ ಮರದ ತಳಕ್ಕೆ ತಾಮ್ರದ ತಗಡು ಹೊದಿಸಿದರು. ಮರ ಕೊರೆಯುವ ಕಡಲಹುಳು ಬಾರದಿರಲಿ, ಪಾಚಿ ಕಟ್ಟದಿರಲಿ ಎಂದು. ಎರಡು ವರ್ಷ ಬಿಟ್ಟು ತಪಾಸಣೆ ಮಾಡಿದರೆ ತಾಮ್ರ ಚೆನ್ನಾಗಿದೆ, ಅದನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳು ತಿಂದುಹೋಗಿವೆ. ಕೆಲವು ಮೊಳೆ ಮಾತ್ರ ಗಟ್ಟಿಯಾಗಿದ್ದವು. ನೋಡಿದರೆ, ತಗಡು ಸುತ್ತಿ ಬಂದಿದ್ದ ಕಂದು ಕಾಗದವನ್ನು ಅಲ್ಲಿ ಕೀಳದೆ ಬಿಟ್ಟಿದ್ದರು. ಕಾಗದ ಮಧ್ಯೆ ಇದ್ದಲ್ಲಿ ತಾಮ್ರಕ್ಕೂ ಕಬ್ಬಿಣಕ್ಕೂ ಮುಟ್ಟು ಇರಲಿಲ್ಲ. ಎಲೆಕ್ಟ್ರಾನ್ ಎಂಬ ಹೆಸರು ಹುಟ್ಟುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲೇ ಒಂದು ಕಾಗದ ಇಡೀ ಪಾಠ ಹೇಳಿಬಿಟ್ಟಿತ್ತು.

ಮುಂದೆ 1824ರಲ್ಲಿ ಹಂಫ್ರಿ ಡೇವಿ ಇದನ್ನೇ ತಿರುಗಿಸಿ ಹಾಕಿದ. ತಾಮ್ರದ ತಗಡು ಸಮುದ್ರದ ನೀರಿನಲ್ಲಿ ನಿಧಾನ ಸವೆಯುತ್ತಿತ್ತು. ಬೇಕೆಂದೇ ಪಕ್ಕದಲ್ಲಿ ಸತುವಿನ ಇಲ್ಲವೇ ಬೀಡು ಕಬ್ಬಿಣದ ತುಂಡು ಕಟ್ಟಿ, ತಾಮ್ರದ ಬದಲು ಅದು ಕೊಡಲಿ ಎಂದ. ಲೆಕ್ಕ ಸರಿಯಾಯಿತು, ತಾಮ್ರ ಸವೆಯುವುದು ನಿಂತಿತು. ಆದರೆ ಹಡಗಿನ ತಳಕ್ಕೆ ಚಿಪ್ಪುಹುಳು, ಪಾಚಿ ಹತ್ತಿಕೊಂಡವು! ತಾಮ್ರ ಚೂರುಚೂರೇ ಕರಗಿ ನೀರಿಗೆ ಬಿಡುತ್ತಿದ್ದ ಅಯಾನುಗಳೇ ಅಲ್ಲಿಯವರೆಗೆ ಅವನ್ನು ಕೊಲ್ಲುತ್ತಿದ್ದವು. ನಿಮ್ಮ ಡ್ರಮ್ಮಿನಲ್ಲಿರುವುದೂ ಆ ಗುಣವೇ ಗೌಡ್ರೇ. ಅಡಿಕೆಯ ಮೇಲೆ ಕೂತ ನೀಲಿ ಗಸಿಯಿಂದ ತಾಮ್ರ ಒಂದಿಷ್ಟೇ ಬಿಡುಗಡೆಯಾಗುತ್ತಾ ಕೊಳೆರೋಗದ ಬೀಜಕಣಗಳನ್ನು ಸಾಯಿಸುತ್ತದೆ. ಒಮ್ಮೆಲೇ ಬಿಟ್ಟರೆ ಕಾಯಿ ಸುಡುತ್ತದೆ, ಬಿಡದೇ ಇದ್ದರೆ ರೋಗ ಬರುತ್ತದೆ. ಸುಣ್ಣದ ಹದ ಎಂದರೆ ಇದೇ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿತೋಟದಲ್ಲಿ ಮಿಲಾರ್ಡೆ ಎಂಬಾತ 1885ರ ಹೊತ್ತಿಗೆ ಈ ಮಿಶ್ರಣವನ್ನು ಗಟ್ಟಿಮಾಡಿದ. ನಮ್ಮಲ್ಲಿಗೆ ಅದನ್ನು ತಂದು, ಅಡಿಕೆಗೊನೆಗೆ ಕೊಟ್ಟೆ ಕಟ್ಟುತ್ತಿದ್ದ ರೈತರಿಗೆ ಕಲಿಸಿದವರು ಲೆಸ್ಲಿ ಕೋಲ್ಮನ್. ಕೆನಡಾದವರು, 1908ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಕೆಲಸಕ್ಕೆ ಬಂದು ಕೊಳೆರೋಗದ ಬೆನ್ನು ಹತ್ತಿದರು. ಅವರ ಋಣ ಮಲೆನಾಡಿನ ಪ್ರತಿ ಅಡಿಕೆ ಮನೆಯ ಮೇಲಿದೆ.

"ಹಂಗಾದ್ರೆ ನಮ್ಮ ಬಚ್ಚಲಿನ ಪೈಪಿಗೂ ಹಡಗಿನ ಗತಿಯೇ ಆಯ್ತು ಅನ್ನಿ. ಹಿತ್ತಾಳೆ ನಲ್ಲಿ ಗಟ್ಟಿ ಉಂಟು, ಅದಕ್ಕೆ ತಿರುಪಿದ ಜಿ.ಐ. ಪೈಪಿನ ಮರೆಯೇ ಕರಗಿ ಹೋಗಿದೆ."

ಅದೇ. ಹಿತ್ತಾಳೆಯಲ್ಲಿ ತಾಮ್ರ ಜಾಸ್ತಿ. ನೀರು ನಡುವೆ ಇದ್ದರೆ ಪೈಪಿನ ಸತು ಮೊದಲು ಕೊಡುತ್ತದೆ, ಆಮೇಲೆ ಕಬ್ಬಿಣ. ಮರೆ ಕೊರೆದಲ್ಲಿ ಮೊದಲೇ ಗೋಡೆ ತೆಳು. ನೀರಿನಲ್ಲಿ ಉಪ್ಪಿನ ಅಂಶ ಹೆಚ್ಚಿದ್ದಷ್ಟೂ ಬೇಗ. ಎರಡರ ನಡುವೆ ಒಂದು ಪ್ಲಾಸ್ಟಿಕ್ ಜೋಡಣೆ ಹಾಕಿಸಿ, ಮುಟ್ಟು ತಪ್ಪುತ್ತದೆ. ಇನ್ನೊಂದು ಮಾತು ನೆನಪಿಡಿ: ಕೊಡುವ ಲೋಹ ಚಿಕ್ಕದು, ಪಡೆಯುವ ಲೋಹ ದೊಡ್ಡದು ಆಗಬಾರದು. ದೊಡ್ಡ ತಾಮ್ರದ ತಗಡಿಗೆ ಪುಟ್ಟ ಕಬ್ಬಿಣದ ಮೊಳೆ ಹೊಡೆದರೆ ಅಷ್ಟು ವಿಸ್ತಾರದ ಬೇಡಿಕೆಯೆಲ್ಲ ಆ ಮೊಳೆಯ ಮೇಲೇ ಬೀಳುತ್ತದೆ. ದೊಡ್ಡ ಕಬ್ಬಿಣಕ್ಕೆ ಪುಟ್ಟ ತಾಮ್ರದ ಮೊಳೆಯಾದರೆ ಅಷ್ಟು ತೊಂದರೆ ಇಲ್ಲ. ಕಂಬದಿಂದ ಬರುವ ಅಲ್ಯೂಮಿನಿಯಂ ತಂತಿಯನ್ನು ಮೋಟಾರಿನ ತಾಮ್ರದ ತಂತಿಗೆ ಸುಮ್ಮನೆ ಸುತ್ತಿ ಟೇಪು ಹಾಕುವುದಂತೂ ಬೇಡವೇ ಬೇಡ. ಮಳೆಗಾಲದ ತೇವಕ್ಕೆ ಅಲ್ಯೂಮಿನಿಯಂ ತಿಂದು, ಜೋಡಣೆ ಸಡಿಲವಾಗಿ, ಕಾದು ಕರಕಲಾಗುತ್ತದೆ. ತಿಳಿದ ಲೈನ್‌ಮನ್ ಬೈಮೆಟಲ್ ಲಗ್ ಹಾಕುತ್ತಾರೆ: ಒಂದು ಕಡೆ ಅಲ್ಯೂಮಿನಿಯಂ, ಇನ್ನೊಂದು ಕಡೆ ತಾಮ್ರ, ಮಧ್ಯದ ಬೆಸುಗೆ ನೀರು ಹೋಗದಂತೆ ಕಾರ್ಖಾನೆಯಲ್ಲೇ ಆಗಿರುತ್ತದೆ.

ನಾವಿಬ್ಬರೂ ಕೈಯಿಟ್ಟು ನಿಂತಿದ್ದ ಬೇಲಿಯ ಮುಳ್ಳುತಂತಿಯೇ ಡೇವಿಯ ಉಪಾಯದ ಕೂಸು. ಉಕ್ಕಿನ ತಂತಿಗೆ ಸತುವಿನ ಲೇಪ. ದನ ತಿಕ್ಕಿ ಲೇಪ ಅಲ್ಲಲ್ಲಿ ಕಿತ್ತರೂ ಸುತ್ತಲಿನ ಸತು ಉಕ್ಕಿನ ಪರವಾಗಿ ಕೊಡುತ್ತಿರುತ್ತದೆ, ಕಿತ್ತ ಜಾಗ ಕೂಡಲೇ ಕೆಂಪಾಗುವುದಿಲ್ಲ. ಸತು ತೀರಿದ ಮೇಲಷ್ಟೇ ಕಬ್ಬಿಣದ ಸರದಿ. ತವರ ಬಳಿದ ತಗಡಿನ ಡಬ್ಬಿಯ ಕಥೆ ತದ್ವಿರುದ್ಧ. ತವರ ಕಬ್ಬಿಣಕ್ಕಿಂತ ಕಡಿಮೆ ಕೊಡುವ ಲೋಹ. ಲೇಪ ಪೂರ್ತಿ ಇರುವವರೆಗೆ ಡಬ್ಬಿ ಚೆಂದ, ಒಂದು ಗೀರು ಬಿದ್ದರೆ ತವರ ಪಕ್ಕದಲ್ಲಿರುವುದೇ ಕಬ್ಬಿಣಕ್ಕೆ ಕೇಡಾಗಿ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಎರಡೂ ಲೇಪಗಳೇ, ನೋಡಲು ಬೆಳ್ಳಗೇ, ಆದರೆ ಒಂದು ಗಾಯವಾದ ಮೇಲೂ ಕಾಯುತ್ತದೆ, ಇನ್ನೊಂದು ಗಾಯವಾದ ಮೇಲೆ ಕೊಲ್ಲುತ್ತದೆ. ಮಲ್ಪೆ ಬಂದರಿನಲ್ಲಿ ಉಕ್ಕಿನ ದೋಣಿ ದಡಕ್ಕೆ ಹತ್ತಿಸಿದಾಗ ತಳದಲ್ಲಿ ಸವೆದ ಸತುವಿನ ಗಟ್ಟಿಗಳು ಕಾಣುತ್ತವೆ. ಬಚ್ಚಲುಮನೆಯ ಗೀಸರಿನ ಒಳಗೂ ಮೆಗ್ನೀಸಿಯಂ ಸಲಾಕೆಯೊಂದು ಇದೇ ಕೆಲಸಕ್ಕೆ ಇರುತ್ತದೆ. ಆನೋಡ್ ರಾಡ್ ಅಂತ ಕೇಳಿ. ಬೋರ್‌ವೆಲ್ ನೀರಿಗೆ ಅದು ಬೇಗ ತೀರುತ್ತದೆ. ತೀರಿದ ಮೇಲೂ ಗೀಸರು ಬಿಸಿನೀರು ಕೊಡುತ್ತಲೇ ಇರುವುದರಿಂದ ಯಾರೂ ತೆಗೆದು ನೋಡುವುದಿಲ್ಲ. ಆಮೇಲೆ ಟ್ಯಾಂಕೇ ಸೋರುತ್ತದೆ. ಸರ್ವಿಸಿಗೆ ಬಂದವರ ಬಳಿ ರಾಡ್ ತೆಗೆಸಿ ನೋಡುವುದು ದುಬಾರಿಯ ಕೆಲಸವೇನಲ್ಲ.

ಅಷ್ಟು ಹೊತ್ತಿಗೆ ಗೌಡ್ರ ಮನೆಯ ಅಕ್ಕ ಕಾಫಿ ತಂದರು. ಅವರಿಗೆ ಪಾತ್ರೆಯ ಚಿಂತೆ. "ಮೇಷ್ಟ್ರೇ, ತಾಮ್ರಕ್ಕೆ ಕಿಲುಬು ಬರ್ತದೆ ಅಂತ ಕಲಾಯಿ ಹಾಕಿಸ್ತೇವೆ. ಕಲಾಯಿ ತವರ ಅಲ್ವಾ? ತವರ ಕೇಡು ಅಂದ್ರಲ್ಲ ಈಗ?"

ಕಬ್ಬಿಣದ ಪಕ್ಕ ಕೇಡು ಅಕ್ಕ, ತಾಮ್ರದ ಪಕ್ಕ ಒಳ್ಳೆಯದು. ತಾಮ್ರಕ್ಕಿಂತ ತವರ ಹೆಚ್ಚು ಕೊಡುತ್ತದೆ, ಅಂದರೆ ಇಲ್ಲಿ ಕಾಯುವ ಜಾಗದಲ್ಲಿ ಅದು ನಿಂತಿದೆ. ಸಾರಿನ ಹುಳಿ ಅದನ್ನು ಕರಗಿಸುವುದು ಬಹಳ ನಿಧಾನ, ಕರಗಿದ ಅಷ್ಟಿಷ್ಟು ಹೊಟ್ಟೆಗೆ ತೊಂದರೆ ಮಾಡುವುದಿಲ್ಲ. ಅದೇ ಹುಳಿ ಬರಿಯ ತಾಮ್ರವನ್ನು ಮುಟ್ಟಿದರೆ ಕಿಲುಬು, ವಾಂತಿ. ಕಲಾಯಿಯವರು ಪಾತ್ರೆಯನ್ನು ಕಾಸಿ ನವಸಾಗರ ಎರಚುತ್ತಾರಲ್ಲ, ಬಿಳಿ ಹೊಗೆ ಏಳುತ್ತದೆ. ತಾಮ್ರದ ಮೇಲಿನ ಆಕ್ಸೈಡನ್ನು ಕಿತ್ತು ಬರಿಲೋಹ ತೆರೆಯುವುದು ಅದರ ಕೆಲಸ, ಇಲ್ಲದಿದ್ದರೆ ತವರ ಹಿಡಿಯುವುದಿಲ್ಲ. ಒಂದನ್ನು ಮಾತ್ರ ಗಟ್ಟಿಯಾಗಿ ಕೇಳಿ ಅಕ್ಕ: ತವರಕ್ಕೆ ಸೀಸ ಬೆರೆತಿಲ್ಲ ತಾನೇ ಎಂದು. ಸಾಲಿನಲ್ಲಿ ಇಬ್ಬರೂ ಅಕ್ಕಪಕ್ಕ, ಹೊಳಪೂ ಹತ್ತಿರ ಹತ್ತಿರ, ಆದರೆ ಸೀಸ ಮಕ್ಕಳ ಮೆದುಳಿಗೆ ವಿಷ.

"ಬೆಳ್ಳಿ ದೀಪ ಕಪ್ಪಾಗೋದೂ ಇದೇ ಲೆಕ್ಕವಾ?"

ಅಲ್ಲಿ ಕೈವಾಡ ಗಂಧಕದ್ದು. ಬೆಳ್ಳಿ ಆಮ್ಲಜನಕಕ್ಕೆ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಗಾಳಿಯಲ್ಲಿರುವ ಗಂಧಕದ ಅನಿಲಕ್ಕೆ ಜಗ್ಗಿ ಸಲ್ಫೈಡಾಗಿ ಕಪ್ಪಾಗುತ್ತದೆ. ಪುಡಿ ಹಾಕಿ ತಿಕ್ಕಿದರೆ ಆ ಕಪ್ಪಿನ ಜೊತೆ ಬೆಳ್ಳಿಯೂ ಹೋಗುತ್ತದೆ. ಅದರ ಬದಲು ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಅದಕ್ಕೆ ತಾಗುವಂತೆ ದೀಪ ಇಟ್ಟು, ಅಡುಗೆ ಸೋಡಾ, ಉಪ್ಪು ಹಾಕಿದ ಕುದಿನೀರು ಸುರಿಯಿರಿ. ಸೋಡಾ ಅಲ್ಯೂಮಿನಿಯಂನ ಪೊರೆ ತೆಗೆಯುತ್ತದೆ, ಅಲ್ಯೂಮಿನಿಯಂ ಎಲೆಕ್ಟ್ರಾನ್ ಕೊಡುತ್ತದೆ, ಸಲ್ಫೈಡಾಗಿದ್ದ ಬೆಳ್ಳಿ ಮರಳಿ ಬೆಳ್ಳಿಯಾಗಿ ಅಲ್ಲೇ ಉಳಿಯುತ್ತದೆ. ಸ್ವಲ್ಪ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಕಿಟಕಿ ತೆರೆದಿಡಿ.

ಅಕ್ಕನಿಗೆ ಬಹಳ ಖುಷಿಯಾಯಿತು. ಒಳಗೆ ಹೋಗಿ ಮಗಳ ಮದುವೆಗೆ ಬಂದ ಬೀದರಿನ ಹೂದಾನಿಯನ್ನೂ ತಂದು, "ಇದನ್ನೂ ಹಾಕಬಹುದಾ?" ಎಂದು ಕೇಳಿದರು. ಬೇಡ, ಖಂಡಿತ ಬೇಡ ಎಂದೆ. ಯಾಕೆಂದರೆ ನಾನು ಇಷ್ಟು ಹೊತ್ತು ಹೇಳಿದ್ದೆಲ್ಲ ಆ ಒಂದು ಹೂದಾನಿಯಲ್ಲಿ ಇದೆ.

ಬಿದ್ರಿ ಪಾತ್ರೆ ಹೆಚ್ಚಿನಂಶ ಸತು, ಸ್ವಲ್ಪ ತಾಮ್ರ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು ಉಜ್ಜಿದಾಗ ಅದು ಬೆಳ್ಳಗಿರುತ್ತದೆ, ಕೆತ್ತನೆಯ ಗೆರೆ ಕಾಣುವುದಿಲ್ಲ. ಆಗ ಕುಶಲಕರ್ಮಿಗಳು ಮೈಲುತುತ್ತಿನ ನೀರು ಬಳಿಯುತ್ತಾರೆ. ಸತು ಎಲೆಕ್ಟ್ರಾನ್ ಕೊಟ್ಟು ತಾಮ್ರವನ್ನು ತನ್ನ ಮೇಲೆ ಕಪ್ಪು ಪುಡಿಯಂತೆ ಕೂರಿಸಿಕೊಳ್ಳುತ್ತದೆ. ಆ ಕಪ್ಪಿನ ಮೇಲೆ ಉಳಿ ಹರಿದಲ್ಲೆಲ್ಲ ಬಿಳಿ ಗೆರೆ ಎದ್ದು ಕಾಣುತ್ತದೆ. ಗೆರೆಯಲ್ಲಿ ಬೆಳ್ಳಿಯ ತಂತಿ, ತಗಡು ಕೂರಿಸಿ ಬಡಿದು, ತಾತ್ಕಾಲಿಕ ಕಪ್ಪನ್ನು ಉಜ್ಜಿ ತೆಗೆಯುತ್ತಾರೆ. ಈಗ ಬೆಳ್ಳಿಯೂ ಬಿಳಿ, ಪಾತ್ರೆಯೂ ಬಿಳಿ. ಕೊನೆಗೆ ಬರುವುದು ಬೀದರ್ ಕೋಟೆಯ ಮಣ್ಣು. ಮಳೆ ಬಿಸಿಲು ಕಾಣದ ಹಳೆಯ ಜಾಗದ ಮಣ್ಣನ್ನು ನಾಲಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ. ಅದರಲ್ಲಿ ಪೆಟ್ಲುಪ್ಪಿನ ಅಂಶವಿದೆ. ನವಸಾಗರ ಸೇರಿಸಿ ಕಾಸಿದ ಆ ಮಣ್ಣಿನ ನೀರಿಗೆ ಪಾತ್ರೆ ಇಳಿಸಿದರೆ ಮೇಲ್ಪದರದ ಸತು ಕರಗಿ ಹೊರಡುತ್ತದೆ, ಅಲ್ಲಿ ಉಳಿದ ತಾಮ್ರ ಗಾಢ ಕಪ್ಪಾಗಿ ಕಚ್ಚಿಕೊಳ್ಳುತ್ತದೆ. ಬೆಳ್ಳಿ ಮಾತ್ರ ಹೇಗಿತ್ತೋ ಹಾಗೆ. ಅದು ಸಾಲಿನ ಆ ತುದಿಯಲ್ಲಿರುವುದು ಒಂದು ಕಾರಣ. ಪಕ್ಕದಲ್ಲೇ ಸತು ತನ್ನದನ್ನು ಕೊಡುತ್ತಿರುವುದು ಇನ್ನೊಂದು. ಶುದ್ಧ ಸತುವಿನ ಪಾತ್ರೆಯಾಗಿದ್ದರೆ ಈ ಕಪ್ಪು ಬರುತ್ತಿರಲಿಲ್ಲ, ತಾಮ್ರ ಜಾಸ್ತಿಯಾಗಿದ್ದರೆ ಬೇರೆಯದೇ ಬಣ್ಣ. ಬಹಮನಿ ಸುಲ್ತಾನರ ಕಾಲದ ಬೀದರಿನಲ್ಲಿ, ವೋಲ್ಟಿನ ಪಟ್ಟಿಯಿಲ್ಲದೆ, ಮೂರು ಲೋಹಗಳ ಸ್ವಭಾವವನ್ನು ಕೈಯಲ್ಲೇ ಅಳೆದು ಇಷ್ಟು ಖಚಿತವಾಗಿ ಬೆರೆಸಿದವರ ಬಗ್ಗೆ ನನಗಿರುವ ಗೌರವ ಹೇಳತೀರದು. ಈ ಕಲೆಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಎಷ್ಟೋ ತಲೆಮಾರಿನ ಕೈಗಳಿಗೆ ಬಂದಂತೆ ಆಯಿತು.

"ಹುಣಸೆಹಣ್ಣಲ್ಲಿ ತಿಕ್ಕೋಣ ಅಂತಿದ್ದೆ" ಎಂದರು ಅಕ್ಕ.

ದಯವಿಟ್ಟು ತಿಕ್ಕಬೇಡಿ ಅಕ್ಕ. ಹುಳಿ ಆ ಕಪ್ಪನ್ನು ಕರಗಿಸುತ್ತದೆ, ಕೆಳಗಿನ ಸತುವನ್ನೂ ತಿನ್ನುತ್ತದೆ. ಸೋಡಾ ನೀರೂ ಬೇಡ, ಪಾತ್ರೆ ತೊಳೆಯುವ ಪುಡಿಯೂ ಬೇಡ. ಒಣಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಹಗುರಕ್ಕೆ ಒರೆಸಿ, ಕಪ್ಪು ಇನ್ನಷ್ಟು ಆಳವಾಗಿ ಕಾಣುತ್ತದೆ. ಬೆಳ್ಳಿಯ ಎಳೆ ಮಬ್ಬಾಗಿದ್ದರೆ ಅಷ್ಟನ್ನು ಮಾತ್ರ ಬಟ್ಟೆಯ ಮೂಲೆಯಿಂದ ಉಜ್ಜಿ. ಒಳಗೆ ನೀರು ತುಂಬಿ ಹೂವಿಡುವುದಾದರೆ ಗಾಜಿನ ಲೋಟವೊಂದನ್ನು ಒಳಗಿಟ್ಟು, ನೀರನ್ನು ಅದಕ್ಕೆ ಹಾಕಿ.